ತಮ್ಮನ ಲೆಕ್ಕ ಅಣ್ಣನ ತಲೆಗೆ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ಮೀಸೆ ಉದುರಿಹೋಗಲಿ ಎಂದೆ.

"ನಿನಗೆ ಮೀಸೆ ಎಲ್ಲಿದೆಯೋ?" ಎಂದರು ಭಾವ.

"ಅದು ಬೇರೆ ಕತೆ. ಇದನ್ನ ಕೇಳಿ."

ಭಾವ ನಗಲಿಲ್ಲ. ಮನೆಯ ಹಿಂದಿನ ಕೋಣೆಗೆ ಹಾಕಲೆಂದು ಬೀಗ ಕೊಳ್ಳಲು ನನ್ನ ಅಂಗಡಿಗೆ ಬಂದಿದ್ದರು. ಅವರ ಮಗಳು ಹಸುಗೂಸು ಎತ್ತಿಕೊಂಡು ಮರುದಿನ ಬರುವವಳಿದ್ದಳು. ಅವಳಿಗೆಂದು ಸಜ್ಜು ಮಾಡಿದ್ದ ಆ ಕೋಣೆಯಲ್ಲಿ ರೇಡಾನ್ ವಿಪರೀತ ಎಂದು ಲ್ಯಾಬಿನಿಂದ ವರದಿ ಬಂದಿತ್ತು. ನೆಲದಿಂದ ಏಳುವ ಗಾಳಿ ಅದು. ಬಣ್ಣವಿಲ್ಲ, ವಾಸನೆಯಿಲ್ಲ, ಜಾಸ್ತಿಯಾದರೆ ಶ್ವಾಸಕೋಶಕ್ಕೆ ಕೇಡು.

"ಬರಬೇಡ ಅಂತ ಹೆತ್ತ ಮಗಳಿಗೆ ಯಾವ ಬಾಯಲ್ಲಿ ಹೇಳಲೋ?" ಭಾವ ಒಂದು ಬೀಗ ಎತ್ತಿಕೊಂಡರು.

"ನಮ್ಮ ಸೋದರಮಾವನಿಗೂ ಇದೇ ಗತಿಯಾಗಿತ್ತು. ಆಮೇಲೆ ಅವನು ಮನೆಯೊಳಗೆ ಉಸಿರು ಬಿಡೋದು ಮಾತ್ರ. ಎಳಕೊಳ್ಳೋಕೆ ಅಂಗಳಕ್ಕೆ ಓಡ್ತಿದ್ದ. ಊಟಕ್ಕೆ ಕೂತರೆ ತುತ್ತಿಗೊಂದು ಸಲ ಹೊರಗೆ. ಒಂದೇ ವಾರದಲ್ಲಿ ಹೊಸ್ತಿಲು ಸವೆದು ನೆಲಸಮ."

"ತಮಾಷೆ ಸಾಕು ಮಾರಾಯ."

"ತಮಾಷೆಯಲ್ಲ. ಗಾಳಿ ತಡೀಬೇಕು ಅಂತ ಗೋಡೆಗೆ ಇನ್ನೊಂದು ಪದರ ಮಣ್ಣು ಮೆತ್ತಿದ. ಮತ್ತೆ ಅಳೆಸಿದರೆ ದುಪ್ಪಟ್ಟು!"

ಭಾವ ಬೀಗ ಕೆಳಗಿಟ್ಟರು. "ಅಯ್ಯೋ, ನಾನೂ ಅದನ್ನೇ ಮಾಡೋಣ ಅಂತಿದ್ದೆ."

"ಕೊನೆಗೆ ಲ್ಯಾಬಿನ ಹುಡುಗಿ ಬಂದು ನೋಡಿ ತಲೆ ಚಚ್ಚಿಕೊಂಡಳು. ರೇಡಾನ್‌ಗೆ ಥೋರಾನ್ ಅಂತ ಒಬ್ಬ ತಮ್ಮ ಇದಾನಂತೆ. ಅವನು ಮಣ್ಣಿನ ಗೋಡೆಯಿಂದಲೂ ಹೊರಡ್ತಾನೆ. ಆದ್ರೆ ಅಲ್ಪಾಯುಷಿ, ಒಂದು ನಿಮಿಷದೊಳಗೆ ಅರ್ಧ ಖಾಲಿ. ಕೋಣೆಯ ನಡುವಿನ ತನಕ ಬರೋಕೂ ಆಗಲ್ಲ. ಗೋಡೆ ಪಕ್ಕದಲ್ಲೇ ಅವನ ಆಟ."

"ಅದಕ್ಕೂ ಅಳತೆಗೂ ಏನು ಸಂಬಂಧ?"

"ಅಳೆಯೋ ಡಬ್ಬಿ ಕರೆಂಟಿಲ್ಲದೆ ತಿಂಗಳುಗಟ್ಟಲೆ ಸುಮ್ಮನೆ ಕೂತಿರತ್ತೆ. ಬಾಗಿಲಿಗೆ ಯಾರು ಬಂದರೂ ಒಳಗೆ ಬಿಟ್ಕೊಳ್ಳತ್ತೆ, ಅಣ್ಣ ಯಾರು ತಮ್ಮ ಯಾರು ಅಂತ ಅದಕ್ಕೆ ತಿಳಿಯಲ್ಲ. ಹುಡುಗಿ ಅದನ್ನ ಕೋಣೆ ನಡುವೆ ದಾರದಲ್ಲಿ ಇಳಿಬಿಟ್ಟಿದ್ದಳು. ಮಾವನ ತಲೆಗೆ ಬಡೀತು ಅಂತ ಅತ್ತೆ ಬಿಚ್ಚಿ ಗೋಡೆಗೂಡಲ್ಲಿ ಇಟ್ಟುಬಿಟ್ಟಳು. ತಮ್ಮನ ಲೆಕ್ಕವೆಲ್ಲ ಅಣ್ಣನ ತಲೆಗೆ!"

ಭಾವ ಸ್ಟೂಲಿನಿಂದ ಮೆಲ್ಲಗೆ ಎದ್ದರು. "ಗೋಡೆಗೆ ತಾಗಿಯೇ ಇತ್ತಾ?"

"ಬೆನ್ನು ಕೊಟ್ಟು ಕೂತಿತ್ತು. ಹೊಸ ಡಬ್ಬಿ ನಡುವೆ ಕಟ್ಟಿ ಮತ್ತೆ ಅಳೆದ ಮೇಲೇ ನಿಜ ಗೊತ್ತಾಗಿದ್ದು."

"ನಿಮ್ಮಕ್ಕ..." ಭಾವ ಬಾಗಿಲತ್ತ ಹೆಜ್ಜೆ ಹಾಕಿದರು. "ನೇತಾಡೋದು ನೋಡಿದ್ರೆ ತಲೆ ಸುತ್ತತ್ತೆ ಅಂತ ಅವಳು ಅದನ್ನ ಮಂಚದ ಹಿಂದಿನ ಗೋಡೆಗೆ ಮೊಳೆ ಹೊಡೆದು ಹಾಕಿದ್ದಾಳೆ ಕಣೋ. ಮಣ್ಣಿನ ಗೋಡೆ."

"ಹಾಗಾದ್ರೆ ಈ ಅಳತೆ ನಂಬೋ ಹಾಗಿಲ್ಲ. ಮತ್ತೆ ಅಳೆಸಿ. ಅಲ್ಲೀತನಕ ಮಗು ಮುಂದಿನ ಕೋಣೇಲಿ, ಕಿಟಕಿ ತೆಗೆದಿಟ್ಟು ಮಲಗಲಿ. ಅಂದಹಾಗೆ ನಮ್ಮ ಮಾವ ಆ ಕೊನೇ ಅಳತೆ ಬರೋ ತನಕ ಏನು ಮಾಡಿದ ಗೊತ್ತಾ? ಊರಾಚೆ ಹೋಗಿ ಒಂದು ಮೂಟೆ ತುಂಬ ಗಾಳಿ ಕಟ್ಕೊಂಡು, ಹೆಗಲ ಮೇಲೆ ಹೊತ್ಕೊಂಡು... ಭಾವ, ಚಪ್ಪಲಿ! ಚಪ್ಪಲಿ ಹಾಕ್ಕೊಂಡು ಹೋಗ್ರೀ! ಹಾಗೆ ಹೊತ್ಕೊಂಡು ಬರ್ತಾ ಇರಬೇಕಾದ್ರೆ ದಾರೀಲಿ..."