ಶನಿವಾರದ ಗುಂಪು

ಶನಿವಾರಕ್ಕೊಮ್ಮೆ ಮಗಳನ್ನು ಕ್ಲಾಸಿಗೆ ಕರೆದುಕೊಂಡು ನೇಸರಗಿಯಿಂದ ಬೈಲಹೊಂಗಲಕ್ಕೆ ಹೋಗಿಬರಲು ಪದ್ಮವ್ವನಿಗೆ ಬಸ್ಸಿನ ಖರ್ಚಿರಲಿಲ್ಲ. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ. ಆದರೆ ಆ ಪುಕ್ಕಟೆ ಬಸ್ಸಿನ ಮೆಟ್ಟಿಲ ತನಕ ಮಾತ್ರ. ಶನಿವಾರ ಖಾನಾವಳಿಗಳಿಗೆ ರೊಟ್ಟಿ ಹೆಚ್ಚು ಬೇಕಾಗುವ ದಿನ. ಅವತ್ತು ಒಲೆ ಹಚ್ಚದಿದ್ದರೆ ಇನ್ನೂರು ರೊಟ್ಟಿಯ ದುಡಿಮೆ ಹೋದಂತೆ. ಮೇಲೆ ಮಗಳ ಹೊಟ್ಟೆಗೆ ಬಸ್ ಸ್ಟ್ಯಾಂಡಿನಲ್ಲಿ ಚುರಮುರಿ, ಮಿರ್ಚಿ. ಎರಡು ತಿಂಗಳು ನೋಡಿದ ಖಾನಾವಳಿಯ ಶಂಕ್ರೆಪ್ಪ, "ನಿನ್ನ ನಂಬಿ ಗಿರಾಕಿಗೆ ಬರೇ ಅನ್ನ ಹಾಕ್ಲೇನ ಬೇ?" ಎಂದು ಶನಿವಾರದ ರೊಟ್ಟಿಯನ್ನು ಬೇರೆಯವಳಿಗೆ ವಹಿಸಿಬಿಟ್ಟ.

ಗಂಡ ಶಟ್ಟೆಪ್ಪ ಗೌಂಡಿ ಕೆಲಸದವನು. ಕೆಟ್ಟವನಲ್ಲ, ಆದರೆ ಗೋಡೆ ಕಟ್ಟುವವನು. ಎದ್ದು ಕಾಣುವುದನ್ನು ಮಾತ್ರ ನಂಬುತ್ತಿದ್ದ. "ಏಳನೇದು ಮುಗಿಯೂದ್ರಾಗ ಓದಾಕ ಬಂತೋ, ಮುಂದ ಹೈಸ್ಕೂಲಿಗೆ ಹಾಕೋಣು. ಬರಲಿಲ್ಲೋ, ನಿನ್ನ ಜೋಡಿ ಹಂಚಿನ ಮುಂದ ಕುಂಡ್ರಲಿ" ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದ. ರೊಟ್ಟಿಯ ಹಂಚಿನ ಮುಂದೆ ಕೂತ ಬಾಳು ಎಂಥದೆಂದು ಪದ್ಮವ್ವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಅದಕ್ಕೇ ಅವಳು ಶನಿವಾರಗಳನ್ನು ಕೊಟ್ಟಳು.

ಮಗಳು ಭಾಗ್ಯಾ ದಡ್ಡಿಯಾಗಿರಲಿಲ್ಲ. ರೊಟ್ಟಿಯ ಡಜನ್ನಿನ ಲೆಕ್ಕವನ್ನು ಬಾಯಲ್ಲೇ ಹೇಳುತ್ತಿದ್ದಳು, ಒಮ್ಮೆ ಕೇಳಿದ ಪಾಠವನ್ನು ಹಾಗೆಯೇ ಒಪ್ಪಿಸುತ್ತಿದ್ದಳು. ಪುಸ್ತಕ ತೆರೆದಳೆಂದರೆ ಮಾತ್ರ ಎಲ್ಲ ಕೆಡುತ್ತಿತ್ತು. 'ಮ'ಕಾರ 'ವ'ಕಾರವಾಗುತ್ತಿತ್ತು, ಒತ್ತಕ್ಷರ ಬಂದಲ್ಲಿ ನಾಲಿಗೆ ಕಟ್ಟುತ್ತಿತ್ತು, ಮೇಲಿನ ಸಾಲು ಓದುತ್ತ ಓದುತ್ತ ಕೆಳಗಿನ ಸಾಲಿಗೆ ಜಾರುತ್ತಿದ್ದಳು. ಮಾಸ್ತರರು ಬೈದರು, ಓಣಿಯ ತಾಯವ್ವ ಅಜ್ಜಿ ದೃಷ್ಟಿ ತೆಗೆದಳು. ಎರಡರಿಂದಲೂ ಏನೂ ಆಗಲಿಲ್ಲ.

ಆಗ ಊರ ಶಾಲೆಗೆ ಪೂನಮ್ ಬಂದಳು. ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುವ ಹುಡುಗಿ. ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು ಓದಿಸಿದಳು, ಬರೆಸಿದಳು. ಆಮೇಲೆ ಜನತಾ ಪ್ಲಾಟಿನ ಓಣಿ ಹುಡುಕಿಕೊಂಡು ಪದ್ಮವ್ವನ ಮನೆಗೇ ಬಂದಳು.

"ನಿಮ್ಮ ಮಗಳ ಬುದ್ಧಿಗೆ ಏನೂ ಆಗಿಲ್ರಿ ಅಕ್ಕಾ. ಇದು ಕಲಿಕೆಯ ತೊಂದರೆ. ಅಕ್ಷರ ಆಕಿಗೆ ಬ್ಯಾರೆ ದಾರೀಲೆ ಹೋಗಿ ಮುಟ್ಟಬೇಕು. ಆ ದಾರಿ ನಾವು ಹಾಕತೇವಿ."

ಹನ್ನೆರಡು ವರ್ಷದಲ್ಲಿ ಮಗಳ ಬಗ್ಗೆ ಇಂಥ ಮಾತನ್ನು ಯಾರೂ ಆಡಿರಲಿಲ್ಲ. ಕುರ್ಚಿ ಕೊಟ್ಟರೂ ಪೂನಮ್ ನೆಲಕ್ಕೇ ಕೂತಳು, ಪುಂಡಿಪಲ್ಲೆ ಹಚ್ಚಿಕೊಂಡು ಎರಡು ರೊಟ್ಟಿ ತಿಂದಳು, ಇನ್ನೊಂದು ಬೇಡಿ ತಿಂದಳು. ಈ ಓಣಿಗೆ ಬಂದ ಸಾಹೇಬರು ನೀರು ಕುಡಿಯುವುದಕ್ಕೂ ಒಮ್ಮೆ ಯೋಚಿಸುತ್ತಿದ್ದರು. ಹೊರಡುವಾಗ ಪದ್ಮವ್ವ ಅವಳಿಗೆ ಉಡಿ ತುಂಬಿದಳು: ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಪೆಟ್ಟಿಗೆಯಲ್ಲಿ ಮಡಿಚಿಟ್ಟಿದ್ದ ಹೊಸ ಖಣ. ಉಡಿ ತುಂಬಿಸಿಕೊಂಡವಳು ಮನೆಮಗಳಾದಂತೆ. ಮನೆಮಗಳ ಕಾಗದವನ್ನು ಯಾರಾದರೂ ಓದಿ ನೋಡಿ ಸಹಿ ಮಾಡುತ್ತಾರೆಯೇ? ಒಪ್ಪಿಗೆಯ ಕಾಗದದಲ್ಲಿ ಪೂನಮ್ ತೋರಿಸಿದಲ್ಲಿ ಪದ್ಮವ್ವ ಹೆಸರು ಬರೆದಳು.

ಎದುರುಮನೆಯ ಅನ್ನಪೂರ್ಣಾಳ ಮಗ ಆಕಾಶನಿಗೂ ಇದೇ ತೊಂದರೆ. ಅನ್ನಪೂರ್ಣಾ ಮೊದಲು ಒಪ್ಪಿರಲಿಲ್ಲ. "ಹುಡುಗನ ತಲಿ ಕೆಟ್ಟೈತಿ ಅಂತ ಹಣಿ ಮ್ಯಾಲೆ ಬರಸ್ಕೊಂಡಂಗ ಆಗತೈತಿ" ಎಂದು ಹೆದರಿದವಳನ್ನು ಪದ್ಮವ್ವನೇ ಒಪ್ಪಿಸಿದಳು. ಇಬ್ಬರೂ ಒಂದೇ ವರ್ಷ ಈ ಊರಿಗೆ ಸೊಸೆಯಾಗಿ ಬಂದವರು. ಹಿಟ್ಟು, ಸಕ್ಕರೆ, ಗುಟ್ಟು ಎಲ್ಲವನ್ನೂ ಓಣಿ ದಾಟಿ ಕೊಟ್ಟು ತೆಗೆದುಕೊಂಡವರು.

ಕ್ಲಾಸು ಬೈಲಹೊಂಗಲದಲ್ಲಿ. ಅರ್ಧ ಮಕ್ಕಳಿಗೆ ಶನಿವಾರ, ಅರ್ಧ ಮಕ್ಕಳಿಗೆ ರವಿವಾರ. ಯಾರು ಯಾವತ್ತು ಎಂಬುದಕ್ಕೆ ಪೂನಮ್ ಶಾಲೆಯ ಕಟ್ಟೆಯ ಮೇಲೆ ಚೀಟಿ ಎತ್ತಿಸಿದಳು. ಪದ್ಮವ್ವನ ಕೈಗೆ ರವಿವಾರ ಬಂತು. ರೊಟ್ಟಿಯ ಕೆಲಸಕ್ಕೆ ಚ್ಯುತಿಯಿಲ್ಲವೆಂದು ಅವಳು ಹಿಗ್ಗಿದಳು. ಅನ್ನಪೂರ್ಣಾಳಿಗೆ ಶನಿವಾರ. ಅವಳು ಅಂಗನವಾಡಿಯ ಸಹಾಯಕಿ; ರವಿವಾರ ಬಿಟ್ಟರೆ ಬಿಡುವಿಲ್ಲ.

"ನನ್ನ ನಸೀಬನ ಹಿಂಗ ನೋಡ್ ಪದ್ಮಕ್ಕಾ. ಹೋಗ್ಲಿ ಬಿಡು, ನಾವು ಬರೂದಽ ಬ್ಯಾಡ."

"ಅದಕ್ಯಾಕ ಮಾರಿ ಸಣ್ಣ ಮಾಡ್ತಿ? ತಗೋ, ನನ್ನ ಚೀಟಿ ನೀ ಇಟ್ಕೋ. ಶನಿವಾರ ನಾ ಹೋಗತೇನಿ."

"ನಿನ್ನ ರೊಟ್ಟಿ?"

"ರೊಟ್ಟಿ ಎಲ್ಲೂ ಓಡಿ ಹೋಗೂದಿಲ್ಲ. ಮೇಡಮ್ಮಾರ, ಬದಲಿ ಮಾಡಿದ್ರ ನಡೀತೈತಲ್ರಿ?"

ಪೂನಮ್ ಪೆನ್ನಿನ ಮುಚ್ಚಳ ತೆಗೆದಳು, ಮತ್ತೆ ಹಾಕಿದಳು. ಒಮ್ಮೆ ಭಾಗ್ಯಾಳನ್ನು ನೋಡಿದಳು. ಆಮೇಲೆ "ನಡೀತೈತ್ರಿ ಅಕ್ಕಾ" ಎಂದು ಎರಡು ಹೆಸರು ಅದಲುಬದಲು ಬರೆದುಕೊಂಡಳು.

ವರ್ಷ ಉರುಳತೊಡಗಿತು. ಶನಿವಾರದ ತಾಯಂದಿರು ಹೊರಗಿನ ಬೇವಿನ ಗಿಡದ ಕೆಳಗೆ ಕೂರುವುದು, ಮಕ್ಕಳು ಒಳಗೆ ಹೋಗುವುದು. ಬಸ್ಸಿನಲ್ಲಿ ಪದ್ಮವ್ವ ಕೇಳುವಳು, "ಇವತ್ತೇನು ಕಲತೀ?"

"ಚಿತ್ರಾ ಬರಸಿದ್ರು ಯವ್ವಾ. ಆಟಾ ಆಡಸಿದ್ರು. ಗಡಿಯಾರ ಹಿಡದು ಒಂದು ಹಾಳಿ ಓದಸಿದ್ರು."

"ಮತ್ತ ಅಕ್ಷರಾ?"

"ಅಕ್ಷರಾ ಏನೂ ಹೇಳಲಿಲ್ಲ."

ಪದ್ಮವ್ವ ಒಂದು ಸಲ ಪೂನಮ್‌ಳನ್ನೇ ಕೇಳಿಬಿಟ್ಟಳು. ಪೂನಮ್ ಅವಳ ಕೈ ಹಿಡಿದುಕೊಂಡು, "ಅವಸರ ಮಾಡಬ್ಯಾಡ್ರಿ ಅಕ್ಕಾ. ಇಂಥಾ ಮಕ್ಕಳ ಮನಸ್ಸು ಮೊದಲ ಹಗುರಾಗಬೇಕು" ಎಂದಳು. ಮನೆಮಗಳು ಹೇಳಿದ ಮೇಲೆ ಮುಗಿಯಿತು. ಪದ್ಮವ್ವ ನಂಬಿದಳು. ಪೂನಮ್‌ಳನ್ನು ನಂಬಿದ್ದರಿಂದ ಮಗಳ ಮೇಲಿನ ನಂಬಿಕೆ ಸಡಿಲಾಯಿತು.

ಸಂಕ್ರಾಂತಿಯ ದಿನ ಅನ್ನಪೂರ್ಣಾಳ ಮನೆಗೆ ಯಾರದೋ ಲಗ್ನಪತ್ರಿಕೆ ಬಂದಿತ್ತು. ಕಾಳು ಹೆಕ್ಕಿದಂತೆ ಒಂದೊಂದಾಗಿಯಾದರೂ ಆಕಾಶ ಅದನ್ನು ಮೇಲಿನಿಂದ ಕೆಳಗಿನವರೆಗೆ ಓದಿ ಮುಗಿಸಿದ. ಎಳ್ಳುಬೆಲ್ಲ ಕೊಡಲು ಬಂದಿದ್ದ ಪದ್ಮವ್ವ ಅದನ್ನೇ ಭಾಗ್ಯಾಳ ಕೈಗಿಟ್ಟಳು. ಹುಡುಗಿ ಮೊದಲ ಸಾಲಿನಲ್ಲೇ ನಿಂತಳು.

"ಅವನೂ ಅಲ್ಲೇ ಹೋಗ್ತಾನು, ನೀನೂ ಅಲ್ಲೇ ಹೋಗ್ತಿ! ನಿನ್ನ ಲಕ್ಷ್ಯ ಎಲ್ಲಿರತೈತಿ?" ಎಂದು ಪದ್ಮವ್ವ ಕೆನ್ನೆಗೆ ಬಾರಿಸಿದಳು. ಭಾಗ್ಯಾ ಅಳಲಿಲ್ಲ. ಪತ್ರಿಕೆಯನ್ನು ಮಡಿಚಿ ಮಂಚದ ಮೇಲಿಟ್ಟು ಹೊರಗೆ ಹೋದಳು. ಅನ್ನಪೂರ್ಣಾ ಒಲೆಯ ಕಡೆ ಮುಖ ತಿರುಗಿಸಿ ಚಹಾ ಕುದಿಸುತ್ತಲೇ ಇದ್ದಳು.

ಪರೀಕ್ಷೆಗಳು ಮುಗಿದ ಮೇಲೆ ಬೈಲಹೊಂಗಲದಲ್ಲಿ ಮಾಸ್ತರರ ಒಂದು ಸಭೆ ನಡೆಯಿತು. ಪೂನಮ್‌ಳ ಗುರುಗಳು ಬರುವರೆಂದೂ ಮಕ್ಕಳು, ತಾಯಂದಿರು ಎಲ್ಲರೂ ಬರಬೇಕೆಂದೂ ಕರೆ ಬಂತು. ಭಾಗ್ಯಾಳನ್ನು ವೇದಿಕೆಗೆ ಕರೆಯುತ್ತಾರೆಂದು ಪದ್ಮವ್ವ ಎಣ್ಣೆ ಹಚ್ಚಿ ಎರಡು ಜಡೆ ಹೆಣೆದಳು.

ಕರೆದದ್ದೂ ನಿಜವೇ. ಮೊದಲು ಆಕಾಶನನ್ನು ನಿಲ್ಲಿಸಿ ಓದಿಸಿದರು. ಅರ್ಧ ಪುಟ ಓದಿದ. ಚಪ್ಪಾಳೆ ಬಿತ್ತು. ಆಮೇಲೆ ಭಾಗ್ಯಾ. ಎರಡು ಶಬ್ದವಾಯಿತು, ಮೂರನೆಯದರ ಒತ್ತಕ್ಷರಕ್ಕೆ ನಿಂತಳು, ಲಂಗದ ಅಂಚನ್ನು ಹಿಂಡುತ್ತ ತಾಯಿಯ ಕಡೆ ನೋಡಿದಳು. ಗುರುಗಳು ಸಾವಕಾಶವಾಗಿ, ಎಲ್ಲರಿಗೂ ತಿಳಿಯುವಂಥ ಕನ್ನಡದಲ್ಲಿ ವಿವರಿಸಿದರು: "ಇಬ್ಬರಿಗೂ ವರ್ಷದ ಹಿಂದೆ ಒಂದೇ ಮಟ್ಟದ ತೊಂದರೆ ಇತ್ತು. ರವಿವಾರದ ಗುಂಪಿಗೆ ನಮ್ಮ ಪದ್ಧತಿಯಂತೆ ಕಲಿಸಿದೆವು. ಶನಿವಾರದ ಗುಂಪಿಗೆ ಕಲಿಸಲಿಲ್ಲ. ಹೋಲಿಸಿ ನೋಡುವುದಕ್ಕಾಗಿ ಪರೀಕ್ಷೆ ಮಾತ್ರ ಮಾಡಿದೆವು. ವ್ಯತ್ಯಾಸ ನಿಮ್ಮ ಕಣ್ಣ ಮುಂದಿದೆ." ಮತ್ತೆ ಚಪ್ಪಾಳೆ ಬಿತ್ತು. ಪದ್ಮವ್ವನ ಪಕ್ಕದಲ್ಲಿದ್ದ ಮಾಸ್ತರರೂ ತಟ್ಟಿದರು.

ಪದ್ಮವ್ವ ಎದ್ದು ಹೋಗಿ ವೇದಿಕೆಯ ಮೇಲಿಂದ ಮಗಳನ್ನು ಇಳಿಸಿಕೊಂಡು ಬಂದಳು. ಸಭೆ ಮುಗಿದ ಮೇಲೆ ಪೂನಮ್‌ಳನ್ನು ಮೆಟ್ಟಿಲ ಬಳಿ ಹಿಡಿದಳು.

"ಕಲಿಸಿಲ್ಲಂತ?"

"ಅಕ್ಕಾ, ಸಿಟ್ಟಾಗಬ್ಯಾಡ್ರಿ. ಒಂದು ಗುಂಪಿಗೆ ಕಲಿಸಿ, ಒಂದು ಬಿಟ್ಟು ನೋಡಿದ್ರನ ಈ ಪದ್ಧತಿ ಖರೇ ಕೆಲಸ ಮಾಡತೈತೋ ಇಲ್ಲೋ ಗೊತ್ತಾಗೂದು. ನಾಳೆ ಸಾವಿರ ಮಕ್ಕಳಿಗೆ ಉಪಯೋಗ ಐತಿ. ನೀವು ಸಹಿ ಮಾಡಿದ ಕಾಗದದಾಗ ಎಲ್ಲಾ ಬರದಿತ್ತು."

"ಸಹಿ ಮಾಡಿದ್ದು ನಿನ್ನ ಮಾರಿ ನೋಡಿ ಯವ್ವಾ, ಕಾಗದಾ ನೋಡಿ ಅಲ್ಲ. ನಮ್ಮ ಕಡೆ ಹೊಲದಾಗೂ ಒಂದು ಪಟ್ಟಿಗೆ ಗೊಬ್ಬರಾ ಹಾಕಿ, ಒಂದು ಪಟ್ಟಿ ಬಿಟ್ಟು ನೋಡ್ತಾರ. ಆದ್ರ ಬಿಟ್ಟ ಪಟ್ಟಿ ಮುಂದ ನಿಂತು 'ಅವಸರ ಮಾಡಬ್ಯಾಡ, ನಿನಗೂ ಹಾಕೇನಿ' ಅಂತ ಯಾರೂ ಹೇಳೂದಿಲ್ಲ."

ಪೂನಮ್ ತಲೆ ತಗ್ಗಿಸಿದಳು. "ಮುಂದಿನ ವರ್ಷ ಶನಿವಾರದವ್ರಿಗೆ ಕಲಿಸೂದಂತ ಇತ್ರಿ. ಅದಕ್ಕ ಅನುದಾನ ಬರಲಿಲ್ಲ. ನನಗೂ ಬ್ಯಾರೆ ಜಿಲ್ಲಾದಾಗ ನೌಕರಿ ಆಗೇತಿ."

"ಚೀಟಿ ಬದಲಿ ಮಾಡಿದಾಗರ ಒಂದು ಮಾತು ಹೇಳಬಹುದಿತ್ತಲ್ಲ? ನನ್ನ ಕೈಗೆ ರವಿವಾರನ ಬಂದಿತ್ತು."

"ಹೇಳಿದ್ರ ಎಲ್ಲಾರೂ ರವಿವಾರನ ಕೇಳ್ತಿದ್ರಿ ಅಕ್ಕಾ. ಸಂಶೋಧನೇನ ಕೆಡ್ತಿತ್ತು."

ಆ ಮಾತು ಸುಳ್ಳಲ್ಲ. ಕಲಿಸುವುದು ರವಿವಾರ ಮಾತ್ರ ಎಂದು ಗೊತ್ತಿದ್ದರೆ ತಾನೂ ಚೀಟಿಯನ್ನು ಮುಷ್ಟಿ ಕಟ್ಟಿ ಹಿಡಿದುಕೊಳ್ಳುತ್ತಿದ್ದಳೆಂದು ಪದ್ಮವ್ವನಿಗೆ ಗೊತ್ತು. "ಅಕ್ಕಾ ಅನ್ನಬ್ಯಾಡ ಇನ್ನ" ಎಂದಷ್ಟೇ ಹೇಳಿ ನಡೆದಳು.

ಬಸ್ ಸ್ಟ್ಯಾಂಡಿನಲ್ಲಿ ಭಾಗ್ಯಾ ಅವಳ ಸೆರಗು ಜಗ್ಗಿದಳು.

"ಯವ್ವಾ, ಹಂಗಾದ್ರ ನನಗ ಕಲಿಸೇ ಇಲ್ಲೇನು?"

"ಇಲ್ಲವ್ವಾ."

"ಖರೇ?"

"ಖರೇ."

ಹುಡುಗಿಯ ಮುಖ ಅರಳಿತು. "ನಾ ಕಲಿಸಿದ್ರೂ ಬರದಾಕಿ ಅನ್ಕೊಂಡಿದ್ನಿ" ಎಂದಳು. ಪದ್ಮವ್ವನಿಗೆ ಸಭೆಯ ಚಪ್ಪಾಳೆಯಲ್ಲಿ ಬಾರದ ಅಳು ಈಗ ಬಂತು. ಕೈಯೆತ್ತಿ ಮಗಳ ಕೆನ್ನೆ ಸವರಿದಳು. ಅದೇ ಕೈ, ಅದೇ ಕೆನ್ನೆ.

ಬಸ್ಸಿನಲ್ಲಿ ಅನ್ನಪೂರ್ಣಾ ಪಕ್ಕಕ್ಕೆ ಬಂದು ಕೂತಳು. ಕಿಟಕಿಯ ಬಳಿ ಆಕಾಶ ಅಂಗಡಿಗಳ ಬೋರ್ಡುಗಳನ್ನು ಗಟ್ಟಿಯಾಗಿ ಓದುತ್ತಿದ್ದ. ಅನ್ನಪೂರ್ಣಾ ಅವನ ಬಾಯಿ ಮುಚ್ಚಿಸಿದಳು.

"ಓದ್ಲಿ ಬಿಡು. ಅವಂದೇನು ತಪ್ಪೈತಿ?" ಎಂದಳು ಪದ್ಮವ್ವ.

"ಪದ್ಮಕ್ಕಾ, ನಾ ನಿನಗ ಹೇಳಬೇಕಂತಿದ್ನಿ…"

ಪದ್ಮವ್ವ ನಿಧಾನವಾಗಿ ಅವಳ ಕಡೆ ತಿರುಗಿದಳು. "ಏನು?"

"ನಮ್ಮ ಹುಡುಗ ಉಸುಕಿನ ಮ್ಯಾಲೆ ಅಕ್ಷರಾ ತೀಡತಾನು, ನಿಮ್ಮ ಹುಡುಗಿ ಚಿತ್ರಾ ಬರಿತಾಳು ಅಂತ ಇಬ್ರೂ ಮಾತಾಡೂದು ಕೇಳೇನಿ. ಮೇಡಮ್ಮಾರಿಗೆ ಕೇಳಿದ್ರ, 'ಯಾರ ಮುಂದೂ ಅನಬ್ಯಾಡ್ರಿ, ಕಡೀಕ ಎಲ್ಲಾರಿಗೂ ಕಲಿಸತೇವಿ' ಅಂದ್ರು. ಹೇಳಿದ್ರ ನೀ ಚೀಟಿ ತಿರುಗಿ ಕೇಳ್ತೀಯೇನೋ ಅಂತ…"

"ಯಾವಾಗ ಗೊತ್ತಾತು?"

"ದೀಪಾವಳಿ ಮುಂದ."

ಪದ್ಮವ್ವ ಲೆಕ್ಕ ಹಾಕಿದಳು. ದೀಪಾವಳಿ ಮೊದಲು, ಸಂಕ್ರಾಂತಿ ಆಮೇಲೆ. "ಹಂಗಾದ್ರ ನಾ ಭಾಗ್ಯಾಗ ಹೊಡಿಯೂಮುಂದ ನಿನಗ ಗೊತ್ತಿತ್ತು."

ಅನ್ನಪೂರ್ಣಾ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಪೂನಮ್ ಹೊರಗಿನವಳು, ಉಡಿ ತುಂಬಿ ಮಗಳೆಂದುಕೊಂಡದ್ದು ತನ್ನ ಹುಂಬತನ ಎಂದು ಪದ್ಮವ್ವ ಮನಸ್ಸಿಗೆ ಸಮಾಧಾನ ಹೇಳಬಲ್ಲಳು. ಇವಳಿಗೆ ಏನೆಂದು ಹೇಳುವುದು? ಚೀಟಿ ಕೊಟ್ಟಾಗ ಇಬ್ಬರಿಗೂ ಗೊತ್ತಿರಲಿಲ್ಲ, ಅದು ಸರಿ. ಇವಳಿಗೆ ಗೊತ್ತಾದ ಮೇಲೆ ಅರ್ಧ ವರ್ಷ ಒಂದೇ ಓಣಿಯಲ್ಲಿ ಇಬ್ಬರೂ ದಿನಾ ಎದುರುಬದುರು ನಿಂತು ಮುಖ ತೊಳೆದಿದ್ದರು.

ನಾಲ್ಕು ದಿನ ಪದ್ಮವ್ವ ಆ ಮನೆಯ ಕಡೆ ನೋಡಲಿಲ್ಲ. ಐದನೆಯ ದಿನ ಸಂಜೆ ಭಾಗ್ಯಾಳನ್ನು ಕರೆದುಕೊಂಡು, ಒಂದು ಪರಾತಿನಲ್ಲಿ ಜೋಳದ ಹಿಟ್ಟು ಹಿಡಿದು ಅನ್ನಪೂರ್ಣಾಳ ಬಾಗಿಲಲ್ಲಿ ನಿಂತಳು. ಸಿಟ್ಟಿಗೆ ಬೇಕಾದಷ್ಟು ಹೊತ್ತಿತ್ತು, ಶಾಲೆಗೆ ಎರಡೇ ತಿಂಗಳಿತ್ತು.

"ಒಳಗ ಬಾ ಪದ್ಮಕ್ಕಾ, ಚಾ ಮಾಡ್ತೇನಿ."

"ಚಾ ಬ್ಯಾಡ. ರವಿವಾರದ ತಾಯಂದಿರನ್ನ ಒಳಗ ಕುಂಡ್ರಾಕ ಬಿಡ್ತಿದ್ರು ಅಂತ ಆಕಾಶ ಹೇಳ್ಯಾನು. ಹೆಂಗ ಕಲಿಸ್ತಿದ್ರು, ಎಲ್ಲಾ ನೋಡೀದಿಲ್ಲೋ?"

"ನೋಡೇನಿ."

"ಹಂಗಽ ಕಲಿಸು. ಉಸುಕಿಲ್ಲ, ಹಿಟ್ಟೈತಿ."

ಅಂದಿನಿಂದ ದಿನಾ ಸಂಜೆ ಅನ್ನಪೂರ್ಣಾ ಕಲಿಸಿದಳು. ಹಿಟ್ಟಿನ ಮೇಲೆ ಬೆರಳಿನಿಂದ ಅಕ್ಷರ ತೀಡಿಸುವುದು, ತೀಡುತ್ತ ಬಾಯಿ ತೆರೆದು ಹೇಳಿಸುವುದು, ಶಬ್ದವನ್ನು ಚಪ್ಪಾಳೆಯಿಂದ ತುಂಡು ಮಾಡುವುದು, ಪಾಟಿಯ ಮೇಲೆ ಒತ್ತಕ್ಷರಕ್ಕೆ ಕೆಂಪು ಸೀಮೆಸುಣ್ಣ ಹಚ್ಚುವುದು. ಮರೆತದ್ದನ್ನು ಆಕಾಶ ನೆನಪು ಮಾಡಿಕೊಡುತ್ತಿದ್ದ. "ಹಂಗಲ್ಲ ಬೇ, ಮೇಡಮ್ಮಾರು ಮೊದಲ ಕಣ್ಣ ಮುಚ್ಚಸ್ತಿದ್ರು" ಎಂದು ತಾಯಿಗೇ ಪಾಠ ಹೇಳುತ್ತಿದ್ದ. ಪದ್ಮವ್ವ ಹೊಸ್ತಿಲ ಮೇಲೆ ಕೂತು ನೋಡಿ ಕಲಿತಳು. ಒಂದು ದಿನವೂ ಚಹಾ ಕುಡಿಯಲಿಲ್ಲ. ಅನ್ನಪೂರ್ಣಾ ಎರಡು ಸಲ ಅತ್ತಳು, ಒಂದು ಸಲ ಕಾಲಿಗೆ ಬೀಳಲು ಬಂದಳು. "ಹುಡುಗಿ ಕಡೆ ಲಕ್ಷ್ಯ ಕೊಡು" ಎಂದಳು ಪದ್ಮವ್ವ.

ಜೂನ್ ಮೊದಲ ವಾರದಲ್ಲಿ ಶಟ್ಟೆಪ್ಪ ಸಿಮೆಂಟಿನ ಖಾಲಿ ಚೀಲವೊಂದನ್ನು ಮಗಳ ಮುಂದೆ ಹಾಸಿ, ಅದರ ಮೇಲಿನ ಕನ್ನಡವನ್ನು ಓದು ಎಂದ. ಅವಳು ಮುಗಿಸುವುದಕ್ಕೆ ಅವನು ಒಂದು ಬೀಡಿ ಸೇದಿ ಮುಗಿಸುವಷ್ಟು ಹೊತ್ತು ಹಿಡಿಯಿತು. ಆದರೂ ಮುಗಿಸಿದಳು. ಅವನು ಮರುದಿನ ಕೆಲಸ ಬಿಟ್ಟು ಹೈಸ್ಕೂಲಿಗೆ ಹೋಗಿ ಹೆಸರು ಹಚ್ಚಿಸಿ ಬಂದ.

ಕಲಿಯುವುದು ಮುಗಿದ ಸಂಜೆ ಪದ್ಮವ್ವ ಪರಾತು ಎತ್ತಿಕೊಂಡು ಓಣಿ ದಾಟಿ ಬಂದಳು. ಮುಂದಿನದನ್ನು ತಾನೇ ಕಲಿಸಬಲ್ಲಳು. ಆ ಮನೆಗೆ ಮತ್ತೆ ಹೋಗುವ ಕಾರಣ ಉಳಿಯಲಿಲ್ಲ. ಮಗಳಿಗೆ ಓದು ಬಂತು, ಒಂದು ವರ್ಷ ತಡವಾಗಿ, ಇನ್ನೂ ಅರ್ಧಮರ್ಧ. ಅನ್ನಪೂರ್ಣಾ ಅವಳ ಪಾಲಿಗೆ ಬರೀ ಎದುರುಮನೆಯವಳಾದಳು.