ರೇಡಿಯೇಟರಿನ ಅರಿಸಿನ

ಅಂಗೈ ಕಾರಿನ ಗಾಳಿಕಿಂಡಿಯ ಮುಂದೆಯೇ ಇದೆ, ಗುಂಡಿಯನ್ನು ಕೆಂಪು ಗೆರೆಯ ಕೊನೆಯವರೆಗೂ ತಿರುಗಿಸಿದ್ದಾಗಿದೆ, ಆದರೂ ಬೆರಳ ಸಂದಿನಿಂದ ನುಸುಳುತ್ತಿರುವುದು ಹೆಣದ ಉಸಿರಿನಂಥ ತಣ್ಣನೆಯ ಗಾಳಿ — ಹೆಣಕ್ಕೆ ಉಸಿರೆಲ್ಲಿಯದು, ಛೀ, ಇಂಥ ಮಾತು ಮನಸ್ಸಿಗಾದರೂ ಯಾಕೆ ಬಂತು, ಹಿಂದಿನ ಸೀಟಿನಲ್ಲಿ ಕೌದಿ ಹೊದ್ದು ಮುದುಡಿದ ಹೆಂಡತಿ ಸಾವಂತ್ರೆವ್ವನ ಹಲ್ಲು ಕಟಕಟಿಸುತ್ತಿರುವಾಗ, ಎಂದು ವೆಂಕಪ್ಪ ಕೈಯನ್ನು ಹಿಂದಕ್ಕೆಳೆದು ಧೋತರಕ್ಕೆ ಒರೆಸಿಕೊಂಡ, ಗಾಳಿಯೂ ಒರೆಸಿದರೆ ಹೋಗುವ ಜಿಡ್ಡೇನೋ ಎಂಬಂತೆ. ಹೊರಗೆ ಲಕ್ಷ್ಮೇಶ್ವರದ ರಸ್ತೆಯ ಮೇಲೆ ಪುಷ್ಯಮಾಸದ ಬಿಸಿಲು ಚೆನ್ನಾಗಿಯೇ ಏರಿದೆ, ಗ್ಯಾರೇಜಿನ ತಗಡು ಕಾಯುತ್ತಿದೆ, ಎದುರಿನ ಅಂಗಡಿಯವನು ಅಂಗಿ ಕಳಚಿ ಕೂತಿದ್ದಾನೆ, ಇವಳೊಬ್ಬಳಿಗೆ ಮಾತ್ರ ಚಳಿ — ಬೆಳಗಿನ ಆರರಿಂದ ಹತ್ತರವರೆಗೆ ಗದಗಿನ ಆಸ್ಪತ್ರೆಯಲ್ಲಿ ಇವಳ ರಕ್ತವೆಲ್ಲ ಮೈಬಿಟ್ಟು ಹೊರಟು, ನಳಿಕೆಗಳಲ್ಲಿ ತಿರುಗಿ, ಯಂತ್ರದಲ್ಲಿ ತೊಳೆಸಿಕೊಂಡು, ಆ ಕೋಣೆಯ ಥಂಡಿಯನ್ನೆಲ್ಲ ಹೊತ್ತು ಮತ್ತೆ ಮೈ ಸೇರುತ್ತದೆ, ಡಯಾಲಿಸಿಸ್ ಆದ ಮೇಲೆ ಹೀಗಾಗುವುದು ಸಹಜ, ಬೆಚ್ಚಗೆ ಕರೆದುಕೊಂಡು ಹೋಗಿ ಎಂದು ವೈದ್ಯರು ಮೊದಲ ದಿನವೇ ಹೇಳಿದ್ದರು. ಬಸ್ಸಿನ ಕಿಟಕಿಗಳು ಮುಚ್ಚುತ್ತಿರಲಿಲ್ಲವೆಂದೇ ಅಲ್ಲವೆ ಶಿಗ್ಲಿಯ ಮನೆಯ ಎರಡು ಮಗ್ಗ ಮಾರಿ ಮುಂಡರಗಿಯ ದೇವೇಂದ್ರಪ್ಪನ ಈ ಹಳೆಯ ಕಾರನ್ನು ತಂದದ್ದು, ಮೊದಲ ದಿನ ಆ ಬಿಸಿಗಾಳಿಗೆ ಮುಖವೊಡ್ಡಿ, ಬಾಣಂತಿ ಕ್ವಾಣ್ಯಾಗ ಕುಂತಂಗ ಆತ್ ನೋಡ್ರಿ ಎಂದು ನಕ್ಕಿದ್ದಳು, ಆ ನಗೆ ಎಷ್ಟು ತಿಂಗಳ ಹಿಂದಿನದು, ಮತ್ತೆ ಇವತ್ತು ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು, ಕಣ್ಣೆತ್ತದೆ, ಇದ ಕಡೀದು, ಶುಕ್ರವಾರ ನಾ ಬರಂಗಿಲ್ಲ, ಸೂಜಿ ತಡ್ಕೋತೀನಿ, ಈ ಥಂಡಿ ತಡ್ಯಾಕ ಆಗಂಗಿಲ್ಲ, ಬ್ಯಾರೆ ಕಡೆ ತೋರಿಸಿ ಮೂರ ಸಲ ರಿಪೇರಿ ಆತು ಆತು ಅಂದ್ರಿ. ಅಷ್ಟೇ ಮಾತು. ಇವಳ ಪಕ್ಕದಲ್ಲೇ ರಕ್ತ ತೊಳೆಸಿಕೊಳ್ಳುತ್ತಿದ್ದು ಎರಡು ವಾರ ತಪ್ಪಿಸಿದ ಹರ್ತಿಯ ಬೀರಲಿಂಗಪ್ಪನ ಮಂಚಕ್ಕೆ ಮೂರನೆಯ ವಾರ ಬೇರೆ ಯಾರೋ ಬಂದಿದ್ದರು, ಹಾಸಿಗೆಯ ಹೊದಿಕೆ ಕೂಡ ಅದೇ, ನೀಲಿಯ ಗೆರೆಯದು, ಒಗೆದದ್ದೋ ಇಲ್ಲವೋ.

ಬಾನೆಟ್ಟಿನೊಳಗೆ ತಲೆಯಿಟ್ಟ ಮೆಕ್ಯಾನಿಕ್ ಕರೀಮಸಾಬ ಮೊದಲು ನಕ್ಕಿದ್ದ, ಗದಗ ಜಿಲ್ಲಾದಾಗ ಹೀಟರ್ ಕೆಟ್ಟೈತಿ ಅಂತ ಗಾಡಿ ತಂದಾವ್ರು ನೀವ ಮೊದಲನೇದಾವ್ರು ವೆಂಕಪ್ಪಣ್ಣ, ಮಂದಿ ಎಸಿ ಬರವಲ್ದು ಅಂತ ಅಳ್ತಾರ, ನೀವು ಬಿಸಿ ಬರವಲ್ದು ಅಂತೀರಿ — ಅನ್ನುತ್ತ ಹಿಂದಿನ ಸೀಟಿನ ಕೌದಿಯ ಮೂಟೆಯನ್ನು ಕಂಡು ನಗೆಯನ್ನು ಅರ್ಧಕ್ಕೇ ನುಂಗಿ ಕೆಲಸಕ್ಕಿಳಿದ. ಫ್ಯೂಸು ಸರಿಯಿದೆ, ಫ್ಯಾನು ತಿರುಗುತ್ತಿದೆ, ಗುಂಡಿಯ ತಂತಿ ಬಿಗಿಯಾಗಿದೆ, ಇಂಜಿನ್ನಿನ ಶಾಖ ತೋರಿಸುವ ಮುಳ್ಳು ನಡುವೆ ನಿಂತಿದೆ, ಎಂದರೆ ಬಿಸಿ ಹುಟ್ಟುತ್ತಿದೆ, ಒಳಕ್ಕೆ ತಲುಪುತ್ತಿಲ್ಲ, ಇಲ್ಲಿ ಕೈ ಹಚ್ಚಿ ನೋಡ್ರಿ ಎಂದು ಅವನು ವೆಂಕಪ್ಪನ ಬೆರಳನ್ನೇ ಹಿಡಿದು ಎರಡು ರಬ್ಬರು ಕೊಳವೆಗಳ ಮೇಲಿಟ್ಟಾಗ ಒಂದು ಚುರ್ರೆಂದಿತು, ಇನ್ನೊಂದು ಸತ್ತ ಹಾವಿನ ಹಾಗೆ ತಣ್ಣಗೆ, ಬಿಸಿನೀರ ಈ ಕಡಿಂದ ಹೊಕ್ಕೈತಿ, ಆ ಕಡಿಂದ ಹೊರಗ ಬರವಲ್ದು, ಡ್ಯಾಶ್‌ಬೋರ್ಡಿನ ಹಿಂದ ಒಂದ ಸಣ್ಣ ರೇಡಿಯೇಟರ್ ಇರತೈತಿ, ಅದು ಕಟ್ಟೇತಿ. ಕಟ್ಟಿದೆ. ಯಾವುದರಿಂದ ಕಟ್ಟೀತು, ಎಂಬ ಪ್ರಶ್ನೆ ಹುಟ್ಟುವ ಮೊದಲೇ ಉತ್ತರ ಎದುರಿಗೆ ಬಂದು ನಿಂತಿತು — ಶ್ರಾವಣದಲ್ಲಿ ಹರ್ತಿಯ ಹತ್ತಿರ ರೇಡಿಯೇಟರು ಸೋರಿ ಗಾಡಿ ನಿಂತಾಗ, ಒಬ್ಬ ಲಾರಿಯವನು, ಅಜ್ಜಾರ, ಒಂದ ಹಿಡಿ ಅರಿಷಿಣ ಪುಡಿ ಹಾಕ್ರಿ, ತೂತ ಮುಚ್ಚತೈತಿ ಅಂದಿದ್ದ, ವೆಂಕಪ್ಪ ಹಾಕಿದ್ದ, ಮುಚ್ಚಿತ್ತು, ಮತ್ತು ಅವನಿಗೆ ಅದರಲ್ಲಿ ಲಾರಿಯವನಿಗೆ ಕಾಣದ ತತ್ತ್ವವೊಂದು ಕಂಡಿತ್ತು, ಮಂಗಳದ್ರವ್ಯ ಎಲ್ಲಿ ಹೋದರೂ ಗಾಯ ಮಾಯಿಸುತ್ತದೆ ಎಂದು. ಅಲ್ಲಿಗಾದರೂ ನಿಂತನೇ. ಅಮಾವಾಸ್ಯೆಗೊಮ್ಮೆ ಗಾಡಿ ತೊಳೆದು, ವಿಭೂತಿ ಎಳೆದು, ಕಾಯಿ ಒಡೆದು, ಗಾಲಿಗೆ ಲಿಂಬೆಹಣ್ಣಿಟ್ಟು, ಕೊನೆಗೆ ರೇಡಿಯೇಟರಿನ ಬಾಯಿ ತೆರೆದು ಒಂದು ಹಿಡಿ ಅರಿಸಿನ, ಅದರ ಮೇಲೆ ನೂಲಿಗೆ ಹಾಕುವ ಗಂಜಿ ಒಂದು ತಂಬಿಗೆ — ಐವತ್ತು ವರ್ಷ ಎಳೆಯನ್ನು ಬಿಗಿಯಾಗಿ ಹಿಡಿದ ಗಂಜಿ ತಗಡಿನ ಸೀಳನ್ನು ಹಿಡಿಯದೇ ಎಂಬ ನೇಕಾರನ ಜಾಣತನ, ಥೂ, ಜಾಣತನ, ಕೂಲಂಟ್ ಬಿಟ್ರ ಏನೂ ಹಾಕಬ್ಯಾಡ್ರಿ ಎಂದು ದೇವೇಂದ್ರಪ್ಪ ಕೈಮುಗಿದು ಹೇಳಿದ್ದ, ಆ ಗಾಡಿ ಬಾಯಾಗ ಅದೂ ಇದೂ ತುರುಕಬ್ಯಾಡ್ರಿ, ಅದೇನ ಹಸುಗೂಸ ಔಷಧದ ಗುಟಗಿ ಹಾಕಾಕ, ಎಂದು ಸಾವಂತ್ರೆವ್ವನೂ ಹೊಸ್ತಿಲಲ್ಲಿ ನಿಂತು ಅಂದಿದ್ದಳು, ಆಮೇಲಿನ ಅಮಾವಾಸ್ಯೆಗಳಲ್ಲಿ ಅವಳು ಮಲಗಿದ ಹೊತ್ತು ನೋಡಿ ಹಾಕಿದ. ಕದ್ದು ಹಾಕಿದ. ಪೂಜೆಯನ್ನು ಕದ್ದು ಮಾಡುವವನು ಎಂಥ ಭಕ್ತ.

ಕರೀಮಸಾಬ ಇಂಜಿನ್ ಆರಿಸಿ, ಸ್ವಲ್ಪ ತಣಿಯಗೊಟ್ಟು, ಕೆಳಗೊಂದು ಬೋಗುಣಿಯಿಟ್ಟು ತಣ್ಣನೆಯ ಕೊಳವೆಯನ್ನು ಕಿತ್ತ. ಏನೂ ಬರಲಿಲ್ಲ. ಗಾಳಿ ಊದಿದ. ಗೊಳಕ್ಕೆಂದು ಒಂದು ಮುದ್ದೆ ಬಿತ್ತು, ಆಮೇಲೆ ಇನ್ನೊಂದು, ಕಂದು ಹಳದಿ, ಹುಳಿತದ್ದು, ಲೋಳೆ ಲೋಳೆ, ಹಳಸಿದ ಗಂಜಿಯ, ಕೊಳೆತ ಬೇರಿನ, ಸುಟ್ಟ ಎಣ್ಣೆಯ ನಾತ ಒಟ್ಟಾಗಿ ಮೂಗಿಗೆ ಬಡಿದು ವೆಂಕಪ್ಪನ ಬಾಯಲ್ಲಿ ನೀರೂರಿತು, ವಾಂತಿಯ ಮೊದಲಿನ ಆ ಉಪ್ಪು ನೀರು, ಮತ್ತು ಕೊಳವೆಯ ತುದಿಯಿಂದ ಒಂದು ಹಳದಿ ಎಳೆ ಜೋತುಬಿತ್ತು, ಹರಿಯಲಿಲ್ಲ, ಬೀಳಲಿಲ್ಲ, ತೂಗಿತು. ಶ್ರಾವಣದ ಪುರಾಣದಲ್ಲಿ ಗುಡಿಯ ಕಟ್ಟೆಯ ಮೇಲೆ ಕೂತು ಇವನೇ ಮಂದಿಗೆ ಬಿಡಿಸಿ ಹೇಳಿದ್ದನಲ್ಲ, ಹೇಸಿಗೆ ಮೂರು ಬಗೆ, ನೆತ್ತರು ಕರುಳು ಕಂಡಾಗಿನದೊಂದು, ಹುಳು ಮಲ ಕಂಡಾಗಿನದೊಂದು, ವೈರಾಗ್ಯದಲ್ಲಿ ಹುಟ್ಟುವ ಶುದ್ಧವಾದದ್ದೊಂದು ಎಂದು, ಎಲ್ಲರೂ ತಲೆದೂಗಿದ್ದರು, ಹೆಂಗಸರ ಸಾಲಿನಲ್ಲಿ ಇವಳು ಸೆರಗು ಹೊದ್ದು ಹೆಮ್ಮೆಯಿಂದ ಕೂತಿದ್ದಳು — ತನ್ನ ಜಾಣತನವೇ ಮುದ್ದೆಮುದ್ದೆಯಾಗಿ ಬೋಗುಣಿಗೆ ಬೀಳುವುದನ್ನು ಕಂಡಾಗಿನ ಈ ಹೇಸಿಗೆ ಆ ಮೂರರಲ್ಲಿ ಯಾವುದು, ಯಾರೂ ಇದಕ್ಕೊಂದು ಹೆಸರಿಟ್ಟಿಲ್ಲ. ಕರೀಮಸಾಬ ಬೆರಳಿಗೆ ಅದನ್ನಿಷ್ಟು ಹಚ್ಚಿಕೊಂಡು ಮೂಸಿದ. ಮತ್ತೊಮ್ಮೆ ಮೂಸಿದ. ಅವನ ಮನೆಯಲ್ಲೂ ದಿನಾ ಒಗ್ಗರಣೆ ಬೀಳುತ್ತದೆ, ಆ ವಾಸನೆ ಅವನಿಗೆ ಗೊತ್ತು. ಏನ ಹಾಕೀರಿ ಇದ್ರಾಗ, ಎಂದು ಮೆಲ್ಲಗೆ ಕೇಳಿದ. ಹಿಂದಿನ ಕಿಟಕಿಯ ಗಾಜು ಇಳಿಯಿತು, ಕೌದಿಯಿಂದ ಮುಖವೊಂದು ಹೊರಬಂತು, ಬೂದಿಬಣ್ಣದ ತುಟಿ, ಕಣ್ಣು ಮಾತ್ರ ನಿಚ್ಚಳ, ಅವಳು ಕಾಯುತ್ತಿದ್ದಾಳೆ, ಹಾಕಿದ್ದು ನಾನೇ ಎಂದರೆ ಆ ಕಣ್ಣುಗಳು ಮುಚ್ಚಿಕೊಳ್ಳುತ್ತವೆ, ನಾ ಹೇಳಿದ್ದೆ ಎಂದೂ ಅನ್ನಲಾರಳು, ಗಾಜು ಏರಿಸಿಕೊಳ್ಳುತ್ತಾಳೆ, ಅಲ್ಲಿಗೆ ಶುಕ್ರವಾರ ಮುಗಿಯುತ್ತದೆ, ನೀಲಿ ಗೆರೆಯ ಹೊದಿಕೆ, ಬೇರೆ ಯಾರೋ — ಮತ್ತು ನಾಲಿಗೆ ತಾನಾಗಿಯೇ ಹೊರಳಿತು, ನಾವೇನ ಹಾಕೂಣ್ರಿ ಕರೀಮಸಾಬ್ರ, ಆ ಮಾರಿದ ದೇವೇಂದ್ರಪ್ಪನ ಕೆಲಸ ಇದು, ತೂತ ಮುಚ್ಚಿ ನಮ್ಮ ತಲಿಗೆ ಕಟ್ಟ್ಯಾನ.

ಎಷ್ಟು ಸಲೀಸು. ಕಾರು ಕೊಂಡು ಹೊರಡುವಾಗ ಇವಳ ಕೈಗೆ ತೆಂಗಿನಕಾಯಿ ಕೊಟ್ಟು, ತಂಗೆವ್ವಾ ಆರಾಮ ಆಗು ಎಂದ ಮನುಷ್ಯ ಆ ದೇವೇಂದ್ರಪ್ಪ. ಕರೀಮಸಾಬ ಬೋಗುಣಿಯನ್ನು ನೋಡಿದ, ವೆಂಕಪ್ಪನನ್ನು ನೋಡಿದ, ಬೆರಳನ್ನು ಚಿಂದಿಗೆ ತಿಕ್ಕಿ ತಿಕ್ಕಿ ಒರೆಸಿದ. ಹೌದ್ರಿ, ಯಾರೋ ಹಾಕ್ಯಾರ, ಎಂದಷ್ಟೇ ಅಂದು, ಇದು ತೊಳದ್ರ ಹೋಗೂದಲ್ಲ, ಹುಬ್ಬಳ್ಳಿಂದ ಹೊಸಾದು ತರಸ್ತೀನಿ, ಗುರುವಾರ ಸಂಜಿಕ ಬಿಸಿ ಗಾಳಿ ಬರತೈತಿ, ನಂದ ಜವಾಬ್ದಾರಿ ಎಂದು ಕಿಟಕಿಯ ಕಡೆಗೇ ಹೇಳಿದ, ವೆಂಕಪ್ಪನ ಕಡೆಗೆ ತಿರುಗಲಿಲ್ಲ. ಕೌದಿಯೊಳಗಿಂದ ಒಂದು ಕೈ ಬಂತು, ಸೂಜಿ ಚುಚ್ಚಿದ ಜಾಗಕ್ಕೆ ಹತ್ತಿ ಕಟ್ಟಿದ ಕೈ, ಗಾಜಿನ ಅಂಚು ಹಿಡಿಯಿತು, ಮತ್ತೆ ಅವಳ ದನಿ, ನಡುಗುತ್ತ, ಎಷ್ಟೋ ದಿನದ ಮೇಲೆ ಮೆತ್ತಗಾದ ದನಿ, ಅಯ್ಯ, ಪಾಪ, ನಿಮ್ಮದೇನ ತಪ್ಪ ಬಿಡ್ರಿ, ನಾ ಸುಮ್ನ ನಿಮ್ಮ ಮ್ಯಾಲೆ ಸಿಟ್ಟ ಮಾಡಿದೆ, ಹಾಕಿದಾವನ ಕೈ ಸೇದಿ ಬಿದ್ದ ಹೋಗ್ಲಿ, ಶುಕ್ರವಾರ ಬರ್ತೀನಿ. ಬರ್ತೀನಿ ಅಂದಳು. ಬೇಕಾದದ್ದು ಅದೇ, ಬೇಡಿಕೊಂಡದ್ದು ಅದೇ, ಹೂಂ ಅನ್ನಬೇಕು, ಹತ್ತಿರ ಹೋಗಿ ಆ ಕೈ ಹಿಡಿಯಬೇಕು, ಆದರೆ ಬಾಯಲ್ಲಿ ಉಪ್ಪು ನೀರು ನುಂಗಿದಷ್ಟೂ ಊರುತ್ತಿದೆ, ಕಣ್ಣು ಬಾನೆಟ್ಟಿನಿಂದ ಆಚೆಗೆ ಹೋಗುತ್ತಿಲ್ಲ, ಅಲ್ಲಿ ಕೊಳವೆಯ ಬಾಯಿ, ಬಾಯಿಂದ ಇಳಿದ ಹಳದಿ ಎಳೆ, ಹರಿಯದು, ಬೀಳದು, ತೂಗುತ್ತಿದೆ, ಹಳದಿ ಎಳೆ —