ಮರ್ವ್ ಪರವಾಗಿ ಎತ್ತಿದ ಕೈ

ಹುಲ್ಲಿನ ಮೇಲೆ ಚೆಂಡು ಉರುಳಿಸಿ ಆಡುವ ಬೌಲಿಂಗ್ ಕ್ಲಬ್ಬಿನ ಅಂಗಳವನ್ನು ಮನೆ ಕಟ್ಟುವವರಿಗೆ ಮಾರಬೇಕೋ ಬೇಡವೋ ಎಂದು ಕೈ ಎತ್ತಿಸಿ ಎಣಿಸಿದರೆ ಎರಡೂ ಕಡೆ ಸಮಸಮ. ಉಳಿದದ್ದು ವರ್ಷಗಟ್ಟಲೆ ಈ ಹುಲ್ಲನ್ನು ನೋಡಿಕೊಂಡಿದ್ದ ಮರ್ವ್ ಹ್ಯಾಡ್ರಿಲ್‌ನ ಮತವೊಂದೇ. ಅವನೋ ಪಾರ್ಶ್ವವಾಯು ಬಡಿದು ವೃದ್ಧರ ಆರೈಕೆಮನೆಯಲ್ಲಿ ಮಲಗಿದ್ದ. ಅವನ ಪರವಾಗಿ ನಡೆದುಕೊಳ್ಳುವ ಅಧಿಕಾರಪತ್ರ ಪಕ್ಕದ ಮನೆಯ ಗ್ಲೆನಿಸ್ ಪರ್ಟೆಲ್ ಹೆಸರಿಗಿತ್ತು. ಹಾಗೆ ಮತ ಹಾಕಲು ಈ ಕ್ಲಬ್ಬಿನ ನಿಯಮದಲ್ಲಿ ಅಡ್ಡಿಯೂ ಇರಲಿಲ್ಲ.

ಗ್ಲೆನಿಸ್ ತನ್ನ ಸ್ವಂತ ಮತವನ್ನು ಆಗಲೇ 'ಬೇಡ' ಎಂದು ಹಾಕಿಯಾಗಿತ್ತು. ಗಂಡ ಸತ್ತ ಮೇಲೆ ಅವಳಿಗೆ ಹುಚ್ಚು ಹಿಡಿಯದಂತೆ ಕಾಪಾಡಿದ್ದೇ ಈ ಅಂಗಳ.

"ಬೇಗ ಎತ್ತಮ್ಮ ಗ್ಲೆನ್, ಬಿಯರ್ ಬಿಸಿ ಆಗ್ತಿದೆ," ಎಂದ ಮಾರುವುದು ಬೇಡ ಎನ್ನುತ್ತಿದ್ದ ಅಧ್ಯಕ್ಷ ಕ್ಲಾರಿ, ಆಗಲೇ ಗೆದ್ದವನ ಗತ್ತಿನಲ್ಲಿ. "ಮರ್ವ್ ಏನಂತಾನೆ ಅಂತ ಕೇಳ್ಬೇಕಾ? ಈ ಹುಲ್ಲನ್ನ ಮಗೂ ಥರ ಸಾಕಿದೋನು!"

ಎಲ್ಲರೂ ನಕ್ಕರು. ಗ್ಲೆನಿಸ್ ಇನ್ನೂ ಕೈ ಎತ್ತಲಿಲ್ಲ.

ಬೆಳಿಗ್ಗೆಯೇ ಅವಳು ಮರ್ವ್‌ನನ್ನು ಕೇಳಿ ಬಂದಿದ್ದಳು. "ಮಾರು," ಎಂದಿದ್ದ ಅವನು, ಸೊಟ್ಟ ಬಾಯಲ್ಲಿ. ತಪ್ಪಿ ಅಂದನೇನೋ ಎಂಬ ಆಸೆಯಿಂದ ಮತ್ತೆ ಕೇಳಿದಳು, ಮಗದೊಮ್ಮೆ ಕೇಳಿದಳು. "ಮಾರು. ಡಲ್ಸಿ... ಶನಿವಾರ." ಅವಳಿಗೆ ಅಷ್ಟು ಸಾಕಾಯಿತು. ಹಿಂದೆಲ್ಲ ಶನಿವಾರದ ಆಟ ಗಂಡಸರಿಗೆ ಮಾತ್ರ. ಹೆಂಗಸರು ಅಡುಗೆಮನೆಯಲ್ಲಿ ಸ್ಕೋನ್ ಎಂಬ ಬನ್ನಿಗೆ ಬೆಣ್ಣೆ ಸವರುತ್ತಾ ನಿಲ್ಲಬೇಕು. ಮರ್ವ್‌ನ ಹೆಂಡತಿ ಡಲ್ಸಿಯಷ್ಟು ಚೆನ್ನಾಗಿ ಚೆಂಡು ಉರುಳಿಸುವವರು ಊರಲ್ಲೇ ಇರಲಿಲ್ಲ. ಒಂದೇ ಒಂದು ಶನಿವಾರ ಅವಳಿಗೂ ಆಡಲು ಬಿಡಿ ಎಂದು ಅವನು ಅಂಗಲಾಚಿದ್ದ. ಕ್ಲಬ್ಬಿನ ದೊಡ್ಡ ಮನುಷ್ಯರು ನಕ್ಕು ಕಳಿಸಿದರು. ಆ ಆಸೆ ತೀರದೆಯೇ ಡಲ್ಸಿ ಸತ್ತಳು. ಅವನು ಹಲ್ಲು ಕಚ್ಚಿಕೊಂಡು ಹುಲ್ಲು ಕತ್ತರಿಸುತ್ತಲೇ ಇದ್ದ.

ಈಗ ಸುಳ್ಳು ಹೇಳಿದರೆ ಯಾರಿಗೂ ಗೊತ್ತಾಗದು. ಎಣಿಕೆಯಲ್ಲಿ ಸೋತೆವು ಎಂದರೆ ಮರ್ವ್ ಕೂಡ ನಂಬುತ್ತಾನೆ. ಅವನು ನಂಬುತ್ತಾನೆ ಎನ್ನುವುದೇ ಅವಳನ್ನು ತಡೆಯಿತು.

"ಮರ್ವ್ ಮತ ಮಾರೋದಕ್ಕೆ," ಎಂದು ಗ್ಲೆನಿಸ್ ಕೈ ಎತ್ತಿದಳು.

ಕ್ಲಾರಿ ದಡಕ್ಕನೆ ಎದ್ದ. "ತಲೆ ಕೆಟ್ಟಿದೆಯೇನೇ? ಈಗ ತಾನೇ ಬೇಡ ಅಂದೆ!"

"ಅದು ನಂದು. ಇದು ಅವನದು."

"ಅವನಿಗೆ ಬುದ್ಧಿ ಎಲ್ಲಿ ನೆಟ್ಟಗಿದೆ?"

"ನಿನಗಿಂತ ನೆಟ್ಟಗಿದೆ. ಡಲ್ಸಿನ ಶನಿವಾರ ಆಡೋಕೆ ಬಿಡ್ಲಿಲ್ಲ ನೀವು, ಅದನ್ನವನು ಮರೆತಿಲ್ಲ."

ಕ್ಲಾರಿಯ ಮುಖ ಕಪ್ಪಿಟ್ಟಿತು. "ಮತ್ತೆ ಎಣಿಸೋಣ," ಎಂದ, ದನಿ ಇಳಿಸಿ. "ಯೋಚನೆ ಮಾಡು ಗ್ಲೆನ್. ನಾಳೆಯಿಂದ ನೀನೆಲ್ಲಿಗೆ ಹೋಗ್ತೀಯ?"

"ಗೊತ್ತಿಲ್ಲ ಕಣೋ," ಎಂದಳು. "ಎಣಿಸು."

'ಬೇಡ' ಎನ್ನುವವರ ಜೊತೆ ಒಮ್ಮೆ ಕೈ ಎತ್ತಿದಳು, ಅಳುತ್ತಾ. ಆಮೇಲೆ ಕಣ್ಣು ಒರೆಸಿಕೊಂಡು, 'ಮಾರಬೇಕು' ಎನ್ನುವವರ ಜೊತೆ ಇನ್ನೊಮ್ಮೆ ಎತ್ತಿದಳು. ಅಂಗಳ ಹೋಯಿತು.